ಹಗ್ಗ ಮಾತಾಡಿಸಿ ಬರ್ತೀನಿ

ಮಾರ್ಚ್ 4, ಮಂಗಳವಾರ

ಬಾಮೈದ ಬಂದಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಶಾಮಿಯಾನ ಅಂಗಡಿ ಇಟ್ಟಿರುವವನು ನನ್ನವಳ ಅಂಗಡಿಯನ್ನು ಕೊಂಡುಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ್ದಾನಂತೆ. ಬಟ್ಟೆ, ಕಂಬ, ಗೂಟ, ಕುರ್ಚಿ, ಹಗ್ಗ, ಎಲ್ಲ ಬೇಕಂತೆ. ಬೋರ್ಡು ಮಾತ್ರ ಬೇಡವಂತೆ.

"ಭಾವ, ನಾನೊಬ್ಬನೇ ಟೆಂಪೋನೂ ಓಡಿಸಿ ಅಂಗಡೀಲೂ ಕೂರೋಕಾಗುತ್ತಾ? ಅಕ್ಕ ಇದ್ದಾಗಿನ ಮಾತು ಬೇರೆ" ಎಂದ. ಅವನ ಅಕ್ಕ, ನನ್ನ ಹೆಂಡತಿ, ತೀರಿಹೋಗಿ ಒಂದು ಚಳಿಗಾಲ ಕಳೆಯಿತು. ಈಗಲೂ ಅವಳ ಮಾತು ಎತ್ತುವಾಗ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ.

ನೋಡೋಣ ಎಂದೆ.

ಕಿಟಕಿ ಮುಚ್ಚಿದೆ. ಬಾಗಿಲಿಗೆ ಮೇಲಿನ ಚಿಲಕ, ಕೆಳಗಿನ ಚಿಲಕ ಎರಡೂ ಹಾಕಿದೆ. ಅವಳ ಬೀರುವಿಗೆ ಬೀಗ ಹಾಕಿದೆಯೇ ಎಂದು ಎದ್ದು ಹೋಗಿ ಮತ್ತೊಮ್ಮೆ ನೋಡಿದೆ. ಹಾಕಿದೆ.

ಮಾರ್ಚ್ 6, ಗುರುವಾರ

ನಿನ್ನೆಯೆಲ್ಲ ಯೋಚಿಸಿದೆ. ಯೋಚಿಸಿದೆ ಎಂದರೆ ಗೋಡೆ ನೋಡುತ್ತ ಕೂತಿದ್ದೆ. ಇವತ್ತು ಬಾಮೈದನ ಟೆಂಪೋ ಹತ್ತಿ ಅಂಗಡಿಗೆ ಹೋದೆ.

ಮಗಳು ಪಾಠ ಮಾಡುವ ಶಾಲೆಯ ಬಹುಮಾನ ಸಮಾರಂಭ ಏಪ್ರಿಲ್ ಹನ್ನೆರಡಕ್ಕೆ. ಅದಕ್ಕೆ ಶಾಮಿಯಾನ ಹಾಕುತ್ತೇನೆ ಎಂದು ನನ್ನ ಹೆಂಡತಿಯೇ ಹೋದ ವರ್ಷ ಒಪ್ಪಿಕೊಂಡಿದ್ದಳು. ಅವಳು ಒಪ್ಪಿಕೊಂಡ ಕೆಲಸಗಳಲ್ಲಿ ಉಳಿದಿರುವುದು ಅದೊಂದೇ. ಅದನ್ನು ಬಸ್ ಸ್ಟ್ಯಾಂಡಿನವನ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. "ಅಲ್ಲೀ ತನಕ ನಾನು ಅಂಗಡೀಲಿ ಕೂರ್ತೀನಿ" ಎಂದುಬಿಟ್ಟೆ. ಬಾಮೈದ ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದ. ನಾನು ನೀರು ಸರಬರಾಜು ಆಫೀಸಿನಲ್ಲಿ ಕಡತ ಹೊಲಿದು ನಿವೃತ್ತನಾದವನು. ನನ್ನ ಬೂಟಿನ ದಾರ ಬಿಟ್ಟು ಬೇರೆ ಹಗ್ಗ ಮುಟ್ಟಿದ್ದನ್ನು ಅವನು ಕಂಡಿಲ್ಲ.

"ಸರಿ ಭಾವ. ಆ ಕೆಲಸ ನೆಟ್ಟಗಾದ್ರೆ ಅಂಗಡಿ ಇಟ್ಕೊಳ್ಳೋಣ. ಕೆಟ್ಟರೆ ಮಾರೋದು. ಆಮೇಲೆ ನೀವು ಮುಖ ಗಂಟು ಹಾಕ್ಕೊಂಡು ಕೂರಬಾರದು."

"ಕೂರಲ್ಲ."

"ಈಗ್ಲೇ ಹಾಕ್ಕೊಂಡಿದ್ದೀರ."

ಟೆಂಪೋದ ಮುಂದಿನ ಗಾಜಿನ ಕೆಳಗೆ ಒಂದು ಸ್ಟಿಕ್ಕರ್ ಇದೆ: ಫಾಸನ್ ಯುವರ್ ಸೀಟ್ ಬೆಲ್ಟ್. ಬೆಲ್ಟಿನ ಕೊಂಡಿ ಮುರಿದು ಯಾವ ಕಾಲವಾಯಿತೋ, ಅದನ್ನು ಒಂದು ತುಂಡು ಹಗ್ಗದಿಂದ ಸೀಟಿಗೆ ಬಿಗಿದಿದ್ದಾನೆ. ಸ್ಟಿಕ್ಕರ್ ಓದಿ ಹೇಳಿದೆ. "ಮೊದಲ ನಾಲ್ಕಕ್ಷರ ಫಾಸ್ಟ್ ಅಂತ ತಾನೆ ಬರೆದಿರೋದು? ಅದಕ್ಕೇ ನಾನು ಜೋರಾಗಿ ಹೋಗೋದು. ಪೊಲೀಸ್ ಹಿಡಿದ್ರೆ, ಗಾಡೀಲೇ ಬರೆದಿದೆ ನೋಡಿ ಸ್ವಾಮಿ ಅಂತೀನಿ" ಎಂದು ಇನ್ನಷ್ಟು ಜೋರಾಗಿ ಓಡಿಸಿದ.

ಎರಡೂ ಚಿಲಕ ಹಾಕಿದೆ.

ಮಾರ್ಚ್ 7, ಶುಕ್ರವಾರ

ಆ ಸ್ಟಿಕ್ಕರ್ ತಲೆಯಲ್ಲೇ ಕೂತುಬಿಟ್ಟಿತು. ಅವನು ತಮಾಷೆಗೆ ಕೇಳಿದ್ದು ನಿಜವಾದ ಪ್ರಶ್ನೆಯೇ ಅಲ್ಲವೇ? ಫಾಸ್ಟ್ ಎಂದರೆ ವೇಗ. ಹಾಗಿದ್ದರೆ ಫಾಸನ್ ಎಂದರೆ ವೇಗ ಹೆಚ್ಚಿಸು ಎಂದಾಗಬೇಕಿತ್ತು. ಕಟ್ಟಿ ಕೂರಿಸು ಎಂದು ಹೇಗಾಯಿತು?

ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಟ್ಟವರು ಒಬ್ಬರು ತೆಳ್ಳನೆಯ ಮೇಷ್ಟರು. ಕೋಟಿನ ತೋಳಿನ ಮೇಲೆ ಸದಾ ಸೀಮೆಸುಣ್ಣದ ಪುಡಿ. "ಎವೆರಿ ವರ್ಡ್ ಹ್ಯಾಸ್ ಎ ಗ್ರ್ಯಾಂಡ್‌ಫಾದರ್" ಎನ್ನುತ್ತಿದ್ದರು. ಮೊಮ್ಮಗ ಹಟ ಮಾಡಿದರೆ ಅಜ್ಜನನ್ನು ಕರೆಸಿ ಕೇಳಬೇಕಂತೆ. ಅವರು ಹೇಳಿಕೊಟ್ಟದ್ದರಲ್ಲಿ ನನಗೆ ಉಳಿದಿರುವುದು ಇದೊಂದು, ಮತ್ತೆ ಹಡಗಿನವರು ದಡಕ್ಕೆ ಬಂದಾಗ ಮೇಕ್ ಫಾಸ್ಟ್ ಎಂದು ಕೂಗುತ್ತಾರೆ ಎಂಬ ಒಂದು ಸಂಗತಿ. ಎಲ್ಲಿ, ಏಕೆ, ಒಂದೂ ನೆನಪಿಲ್ಲ.

ಅಟ್ಟದಿಂದ ಹಳೆಯ ನಿಘಂಟು ಇಳಿಸಿದೆ. ರಟ್ಟು ಕಿತ್ತಿದೆ; ತೂಕ ಮಾತ್ರ ಒಂದು ಇಟ್ಟಿಗೆಯದು. ನೋಡಿದರೆ, ಫಾಸ್ಟ್ ಎಂಬುದರ ಅಜ್ಜ ಓಡುವವನೇ ಅಲ್ಲ! ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಗಟ್ಟಿ, ಅಲುಗಾಡದ್ದು ಎಂದೇ ಅರ್ಥ. ಅದಕ್ಕೆ ಬಾಲ ಹಚ್ಚಿ ಫಾಸನ್, ಅಂದರೆ ಗಟ್ಟಿಮಾಡು. ಹಡಗಿನವರ ಮೇಕ್ ಫಾಸ್ಟ್ ಕೂಡ ಹಗ್ಗ ಬಿಗಿ ಎಂದೇ. ಒಗೆದರೂ ಬಿಡದ ಬಣ್ಣ ಫಾಸ್ಟ್ ಕಲರ್. ಊಟ ಬಿಟ್ಟು ಕೂರುವುದೂ ಫಾಸ್ಟ್, ಹಿಡಿದ ಮಾತನ್ನು ಬಿಡದೆ ಹಿಡಿದಿರುವುದರಿಂದ. ಬೆಳಿಗ್ಗೆ ಅದನ್ನು ಮುರಿದರೆ ಬ್ರೇಕ್‌ಫಾಸ್ಟ್. ವೇಗ ಎಲ್ಲಿಂದ ಬಂತು ಎಂದರೆ, ಬಲವಾಗಿ ಓಡು, ಬಿಗಿಯಾಗಿ ಓಡು ಎಂದು ಹೇಳಿ ಹೇಳಿ, ಕೊನೆಗೆ ಬಲ ಉದುರಿಹೋಗಿ ಓಟ ಮಾತ್ರ ಉಳಿಯಿತಂತೆ.

ಮೊದಲು ನಗು ಬಂತು. ಆಮೇಲೆ ನಮ್ಮದನ್ನೇ ನೋಡಿಕೊಂಡೆ. ಗಟ್ಟಿ ಕಲ್ಲು, ಗಟ್ಟಿ ಮನಸ್ಸು, ಗಟ್ಟಿ ಮೊಸರು, ಗಟ್ಟಿಯಾಗಿ ಕೂಗು. ನಮ್ಮ ಗಟ್ಟಿ ಬಾಯಿಗೆ ಹತ್ತಿ ಸದ್ದಾಯಿತು, ಅವರದು ಕಾಲಿಗಿಳಿದು ಓಟವಾಯಿತು. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಅಡುಗೆಮನೆ ಕಡೆ ತಿರುಗಿ "ಕೇಳಿಸ್ತಾ" ಎಂದೂ ಬಿಟ್ಟೆ.

ಅದೇ ಪುಟದಲ್ಲಿ ಕೆಳಗೆ ಫಾಸ್ಟ್ ಅಸ್ಲೀಪ್ ಎಂದಿತ್ತು. ಗಾಢ ನಿದ್ದೆ. ಅವಳು ಹೋದ ಆ ಬೆಳಿಗ್ಗೆ ನಾನು ಹಾಗೆಂದೇ ತಿಳಿದು, ಎಬ್ಬಿಸುವುದು ಬೇಡವೆಂದು ಬಾಗಿಲು ಮೆಲ್ಲಗೆ ಎಳೆದುಕೊಂಡು ಬಂದಿದ್ದೆ.

ನಿಘಂಟು ಮುಚ್ಚಿದೆ.

ಮಾರ್ಚ್ 15, ಶನಿವಾರ

ಅಂಗಡಿಯಲ್ಲಿ ಅವಳ ಕುರ್ಚಿ ಹಾಗೇ ಇದೆ. ನಾನು ಬಾಡಿಗೆ ಕುರ್ಚಿಯೊಂದನ್ನು ಎಳೆದುಕೊಂಡು ಪಕ್ಕದಲ್ಲಿ ಕೂರುತ್ತೇನೆ. ಬಂದವರು ಅದರಲ್ಲಿ ಕೂರಲು ಹೋದರೆ "ಅದು ಬೇಡಿ, ಕಾಲು ಸರಿಯಿಲ್ಲ" ಎನ್ನುತ್ತೇನೆ.

ಕೆಲಸ ಕಲಿಯುತ್ತಿದ್ದೇನೆ. ನೀಲಿ ಬಟ್ಟೆ ಮಡಿಸುವುದು ಇಬ್ಬರ ಕೆಲಸ. ಆ ಬಣ್ಣ ಎಷ್ಟು ಮಳೆ ಬಿಸಿಲು ಕಂಡರೂ ಬಿಟ್ಟಿಲ್ಲ. ನನ್ನ ಎದುರು ತುದಿ ಹಿಡಿಯುವವನು ಸಮ್ಮಟಿಗೆ. ಅವನಿಗೆ ಬೇರೆ ಹೆಸರಿದೆ, ಆದರೆ ಅವನ ತಾಯಿ ಬಿಟ್ಟರೆ ಯಾರೂ ಅದನ್ನು ಬಳಸುವುದಿಲ್ಲ. ಮೊದಲು ರಸ್ತೆ ಕೆಲಸದಲ್ಲಿದ್ದ. ಹಳೆಯ ಆಳು ಬಸ್ ಸ್ಟ್ಯಾಂಡಿನವನ ಕಡೆ ಹೋದ ಮೇಲೆ ಈ ಚಳಿಗಾಲದಲ್ಲಿ ಇಲ್ಲಿಗೆ ಬಂದ. ಹೆಸರಿನ ಹಾಗೆಯೇ ದೊಡ್ಡ ಸುತ್ತಿಗೆ ಹಿಡಿದು ಗೂಟ ಹೊಡೆಯುವುದು, ಕೀಳುವುದು, ಅಷ್ಟೇ ಅವನ ಕೆಲಸ. ಮಾತೂ ಅಷ್ಟೇ. ಗೂಟ ಇಳಿದ ಮೇಲೆ ಅದರ ತಲೆಯ ಮೇಲೆ ಕಾಲಿಟ್ಟು ನೋಡಿ "ಕೂತಿದೆ" ಎನ್ನುತ್ತಾನೆ. ಇಡೀ ದಿನಕ್ಕೆ ಅದೇ ಅವನ ಭಾಷಣ.

ಕಟ್ಟುವುದು ನನ್ನ ಪಾಲು. ಅವಳು ಹಾಕುತ್ತಿದ್ದದ್ದು ಜೀರುಗುಣಿಕೆ. ತುದಿ ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಬಾಮೈದನಿಗೆ ಅದು ಗೊತ್ತು, ಅವನೇ ತೋರಿಸಿಕೊಟ್ಟ. ನನಗೆ ಹಿಡಿಸಲಿಲ್ಲ. ಕಟ್ಟುವುದೇ ಆದರೆ ಬಿಚ್ಚಿಕೊಳ್ಳುವ ಹಾಗೆ ಯಾಕೆ ಕಟ್ಟಬೇಕು? ನಾನು ಕಗ್ಗಂಟು ಹಾಕಿದೆ. ಕಡತಕ್ಕೆ ಹಾಕುತ್ತಿದ್ದದ್ದೂ ಅದನ್ನೇ. ನಾನು ಕಟ್ಟಿದ ಕಡತ ಬಿಚ್ಚಲು ಸಾಹೇಬರು ಕತ್ತರಿ ತರಿಸುತ್ತಿದ್ದರು.

"ನೈಲಾನ್ ತರೋಣ ಭಾವ. ಈ ನೂಲಿನ ಹಗ್ಗ ಯಾರು ಇಟ್ಕೋತಾರೆ ಈಗ?"

"ಅವಳು ಬೇಡ ಅಂದಿದ್ದಳಲ್ಲ."

"ಗಂಟು ಜಾರುತ್ತೆ, ಕೈ ಕುಯ್ಯುತ್ತೆ ಅಂತಿದ್ಲು. ನಿಮ್ಮ ಗಂಟು ಜಾರೋ ಪೈಕಿ ಅಲ್ಲ ಬಿಡಿ. ನಿಮ್ಮ ಗಂಟು ಬಿಚ್ಚೋಕೆ ವಕೀಲರನ್ನ ಕರೆಸಬೇಕು."

ಮನೆಗೆ ಬಂದು ಅಭ್ಯಾಸವಾಗಲೆಂದು ಹಿತ್ತಲಲ್ಲಿ ಬಟ್ಟೆ ಒಣಹಾಕುವ ನೂಲಿನ ಹಗ್ಗವನ್ನು ಬಿಚ್ಚಿ ಕಟ್ಟಿದೆ. ಅದು ಬಹಳ ದಿನದಿಂದ ಜೋಲು ಬಿದ್ದು ಪಂಚೆಯ ಅಂಚು ನೆಲ ಸವರುತ್ತಿತ್ತು. ಎಳೆದು ಬಿಗಿದೆ. ಬೆರಳಿನಿಂದ ಮೀಟಿದರೆ ತಂತಿಯ ಹಾಗೆ ಟಂಯ್ ಎನ್ನುತ್ತದೆ. ಇಷ್ಟು ದಿನಕ್ಕೆ ಒಂದು ಕೆಲಸ ಸರಿಯಾಗಿ ಮಾಡಿದ ಹಾಗಾಯಿತು.

ಮಾರ್ಚ್ 21, ಶುಕ್ರವಾರ

ಮಧ್ಯಾಹ್ನ ಮಳೆ. ಹಿತ್ತಲಿನ ಹಗ್ಗ ಗೋಡೆಯ ಕೊಕ್ಕೆಯನ್ನೇ ಗಾರೆ ಸಮೇತ ಕಿತ್ತುಕೊಂಡು ಬಿದ್ದಿದೆ. ಈ ಮನೆ ಕಟ್ಟಿದ ಮೇಸ್ತ್ರಿಯ ಕೆಲಸವೇ ಇಷ್ಟು. ಗಂಟು ಮಾತ್ರ ಹಾಗೇ ಇತ್ತು.

ಮಾರ್ಚ್ 29, ಶನಿವಾರ

ಇದನ್ನು ಬರೆಯಲೇಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ನಮ್ಮ ಹಳೆಯ ಆಫೀಸಿನ ದೊಡ್ಡ ಸಾಹೇಬರ ಬೀಳ್ಕೊಡುಗೆ. ಆಫೀಸಿನ ಅಂಗಳದಲ್ಲೇ ಶಾಮಿಯಾನ. ನನಗೆ ಗೊತ್ತಿರುವವರೇ ಎಲ್ಲ. ಬೆಳಿಗ್ಗೆ ಒಂದೊಂದು ಹಗ್ಗವನ್ನೂ ಎಳೆದು, ಮಂಡಿ ಕೊಟ್ಟು ಬಿಗಿದೆ. ಬಟ್ಟೆ ನಗಾರಿಯ ಹಾಗೆ ನಿಂತಿತ್ತು. ಸಮ್ಮಟಿಗೆ ಎಲ್ಲ ಗೂಟ ತುಳಿದು ನೋಡಿ "ಕೂತಿದೆ" ಎಂದ. ಬಾಮೈದ ಕೂಡ ಸುತ್ತಿ ಬಂದು "ಪರವಾಗಿಲ್ಲ ಭಾವ, ಅಕ್ಕನಿಗಿಂತ ಬಿಗಿ" ಎಂದ. ಆ ಮಾತು ಕೇಳಿ ನಾನು ಉಬ್ಬಿದ್ದು ನಿಜ.

ಮೂರು ಗಂಟೆಗೆ ಮಳೆ ಹಿಡಿಯಿತು. ದೊಡ್ಡ ಮಳೆಯಲ್ಲ, ಗಾಳಿಯೂ ಇಲ್ಲ. ಸಣ್ಣಗೆ, ಬಿಡದೆ ಸುರಿಯಿತು. ವೇದಿಕೆಯ ಮೇಲೆ ಲೆಕ್ಕಪತ್ರದವರು ನಿಂತು "ಇವರ ಕಾಲದಲ್ಲಿ ಈ ಊರಿಗೆ ನೀರಿನ ಕೊರತೆ ಅನ್ನೋದೇ ಬರಲಿಲ್ಲ" ಎಂದರು. ಆಗ ಮೇಲೆ ಪರ್ ಎಂದು ಸದ್ದಾಯಿತು. ವೇದಿಕೆಯ ಮೇಲಿನ ಮೂಲೆ ಹರಿಯಿತು. ಒಂದು ಗೂಟ ನೆಲದಿಂದ ಕಿತ್ತು ಹಾರಿತು. ಬಟ್ಟೆ ಕುಸಿದು ಅದರಲ್ಲಿ ನಿಂತಿದ್ದ ನೀರೆಲ್ಲ ನೇರವಾಗಿ ಸಾಹೇಬರ ತಲೆಯ ಮೇಲೆ.

ಕೆಲವರು ಚಪ್ಪಾಳೆ ತಟ್ಟಿದರು. ಕಾರ್ಯಕ್ರಮದ್ದೇ ಒಂದು ಭಾಗ ಎಂದುಕೊಂಡಿರಬೇಕು.

ಬಾಮೈದ ಟೆಂಪೋ ನಿಧಾನವಾಗಿ ಓಡಿಸಿದ. ಮನೆ ಬಾಗಿಲಲ್ಲಿ ಇಳಿಸಿ, "ಅಕ್ಕನ ಕೈಯಲ್ಲಿ ಒಂದು ಸಲಾನೂ ಹರಿದಿರಲಿಲ್ಲ ಭಾವ" ಎಂದ. ಬೈದಿದ್ದರೆ ಒಳ್ಳೆಯದಿತ್ತು.

ಮಾರ್ಚ್ 30, ಭಾನುವಾರ

ಹೊರಗೆ ಹೋಗಲಿಲ್ಲ. ಚಿಲಕ ತೆಗೆಯಲೇ ಇಲ್ಲ, ಹಾಕುವ ಮಾತೆಲ್ಲಿ.

ಏಪ್ರಿಲ್ 3, ಗುರುವಾರ

ಮಗಳು ಬಂದಳು. ಬಾಗಿಲು ತೆರೆಯುವಷ್ಟರಲ್ಲಿ ಮೂರು ಸಲ ಬಡಿದಿದ್ದಳು. "ಏನಪ್ಪ, ಕೋಟೆ ಬಾಗಿಲಾ ಇದು?"

ಸುದ್ದಿ ಅವಳ ಶಾಲೆಗೂ ಮುಟ್ಟಿದೆ. "ಬೇರೆ ಕಡೆ ಹೇಳೋಣ್ವಾ ಅಂತ ಹೆಡ್ ಮಿಸ್ಸು ಕೇಳಿದ್ರು. ಭಾನುವಾರದ ತನಕ ಟೈಮ್ ಕೊಡಿ ಅಂದಿದ್ದೀನಿ. ಈಗ ಹೇಳು, ಏನಾಯ್ತು?"

"ಬಿಗಿಯಾಗೇ ಕಟ್ಟಿದ್ದೆ ಕಣೇ. ಸಡಿಲ ಬಿಟ್ಟು ಹೀಗಾಗಿದ್ರೆ ಒಪ್ಕೋತಿದ್ದೆ."

ಹರಿದ ಮೂಲೆಯನ್ನು ಮನೆಗೆ ತಂದಿದ್ದೆ. ಅವಳು ದಬ್ಬಳಕ್ಕೆ ದಾರ ಪೋಣಿಸಿದಳು, ನಾನು ತೇಪೆ ಹಿಡಿದುಕೊಂಡೆ. ಅವಳ ಅಮ್ಮನ ಹಾಗೆಯೇ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಾಳೆ. ಅರ್ಧ ಹೊಲಿದು ಕೈ ತೊಳೆಯಲು ಹಿತ್ತಲಿಗೆ ಹೋದವಳು ಆ ಕೊಕ್ಕೆಯನ್ನು ಹಿಡಿದುಕೊಂಡು ಬಂದಳು.

"ಇದ್ಯಾಕೆ ಕಿತ್ತು ಬಂತು?"

"ಮಳೆ ಬಂದಾಗ. ಗೋಡೆ ಚೆನ್ನಾಗಿಲ್ಲ."

"ಇಪ್ಪತ್ತೈದು ವರ್ಷ ಚೆನ್ನಾಗಿತ್ತಲ್ಲ? ಅಮ್ಮ ಹಗ್ಗ ಯಾವಾಗ್ಲೂ ಜೋಲು ಬಿಡ್ತಿದ್ಲು. ಮಳೆ ಬಂದ್ರೆ ಬಟ್ಟೆ ತೆಗೆಯೋದು ಬಿಟ್ಟು ಮೊದಲು ಹಗ್ಗ ಸಡಿಲಿಸೋಳು. ನನ್ನ ಯೂನಿಫಾರಂ ನೆನೀತಿದೆ ಅಂತ ನಾನು ಕೂಗಾಡ್ತಿದ್ದೆ, ನೆನಪಿಲ್ವಾ?"

ನೆನಪಿರಲಿಲ್ಲ. ಬೇರೊಂದು ನೆನಪಾಯಿತು. ಅಂಗಡಿಯ ಕೆಲಸ ಇದ್ದ ದಿನ ಮೋಡ ಕಂಡರೆ ಸಾಕು, ಅವಳು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು. "ರೀ, ಹಗ್ಗ ಮಾತಾಡಿಸಿ ಬರ್ತೀನಿ. ಒಲೆ ಮೇಲೆ ಹಾಲಿದೆ, ನೋಡ್ಕೊಳ್ಳಿ." ಅದು ಅವಳ ತಮಾಷೆ, ಗೆಳತಿಯರ ಜೊತೆ ಹರಟಲು ಹೋಗುವುದಕ್ಕೆ ಅವಳಿಟ್ಟ ಹೆಸರು ಎಂದುಕೊಂಡಿದ್ದೆ. ಹಾಲು ಪ್ರತಿ ಸಲವೂ ಉಕ್ಕುತ್ತಿತ್ತು. ಅವಳು ಒದ್ದೆಯಾಗಿ ಬಂದು ಒಲೆ ಒರೆಸುತ್ತಿದ್ದಳು.

ಮಗಳಿಗೆ ಹೇಳಿದೆ. ಇಬ್ಬರೂ ಕೊಕ್ಕೆ ನೋಡಿದೆವು, ಹರಿದ ಮೂಲೆ ನೋಡಿದೆವು. ಎರಡೂ ನನ್ನ ಗಂಟು, ಎರಡೂ ಮಳೆ.

"ಇರು" ಎಂದು ಎದ್ದಳು. ಅಂಗಡಿಯಿಂದ ತಂದಿದ್ದ ನೂಲಿನ ಹಗ್ಗವನ್ನು ಹಿತ್ತಲಿನ ಎರಡು ಕಂಬಗಳ ನಡುವೆ ಸ್ವಲ್ಪ ಜೋಲು ಬಿಟ್ಟು ಕಟ್ಟಿದಳು. ಮಧ್ಯಕ್ಕೆ ಒಂದು ಸೌಟು ನೇತುಹಾಕಿ, ಸೌಟಿನ ತಳ ಮುಟ್ಟುವ ಹಾಗೆ ಒಂದು ಸ್ಟೂಲಿಟ್ಟಳು. ಆಮೇಲೆ ಬಕೆಟ್ಟಿನಿಂದ ಹಗ್ಗಕ್ಕೆ ನೀರು ಹುಯ್ದೆವು. ಹುಯ್ದು ಬಾಗಿಲ ಮೆಟ್ಟಿಲ ಮೇಲೆ ಕೂತೆವು, ಸಿನಿಮಾ ನೋಡುವವರ ಹಾಗೆ.

ಏನೂ ಆಗಲಿಲ್ಲ. ಮತ್ತೆ ಹುಯ್ದೆವು. "ಈ ವಯಸ್ಸಿಗೆ ಸೌಟು ಕಾಯೋ ಹಾಗಾಯ್ತು" ಎಂದೆ.

"ಅಪ್ಪ! ನೋಡು, ನೋಡು!"

ಸೌಟಿಗೂ ಸ್ಟೂಲಿಗೂ ನಡುವೆ ಬೆಳಕು ಕಾಣಿಸಿತು. ಮೊದಲು ದಾರದಷ್ಟು, ಆಮೇಲೆ ಬೆರಳಿನಷ್ಟು. ನೆನೆದ ಹಗ್ಗ ಉಬ್ಬಿ, ಗಿಡ್ಡವಾಗಿ, ಸೌಟನ್ನು ತಾನೇ ಎತ್ತಿಕೊಂಡು ಮೇಲೇಳುತ್ತಿತ್ತು. ಬಿಗಿದ ಹಗ್ಗಕ್ಕೆ ಎತ್ತಲು ಜೋಲು ಎಲ್ಲಿರುತ್ತದೆ? ಕೊಕ್ಕೆ ಕೀಳುತ್ತದೆ, ಬಟ್ಟೆ ಹರಿಯುತ್ತದೆ. ಸಾಹೇಬರಿಗೆ ಸ್ನಾನ ಮಾಡಿಸುತ್ತದೆ. ಅದನ್ನು ಹೇಳಿದ್ದೇ ಮಗಳು ನಗಲು ಶುರುಮಾಡಿದಳು, ನನಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ಅವಳು ಕಣ್ಣೊರೆಸಿಕೊಂಡದ್ದು ನಗುವಿಗೆ ಮಾತ್ರ ಅಲ್ಲ. "ನಮಗೆ ಯಾಕೆ ಹೇಳಲಿಲ್ಲ ಅಮ್ಮ?" ಎಂದಳು.

ಹೇಳಿದ್ದಳು. ಪ್ರತಿ ಸಲವೂ ಹೇಳಿಯೇ ಹೋಗುತ್ತಿದ್ದಳು.

ಏಪ್ರಿಲ್ 5, ಶನಿವಾರ

ಹೆಡ್ ಮಿಸ್ಸಿಗೆ ಮಗಳು ಸೌಟಿನ ಪ್ರಯೋಗವನ್ನೇ ಮಾಡಿ ತೋರಿಸಿದಳಂತೆ. ಅವರು ವಿಜ್ಞಾನದವರು, ಒಪ್ಪಿಕೊಂಡರು. ಕೆಲಸ ನಮ್ಮದೇ. ಬಾಮೈದ ಮಾತ್ರ ಒಪ್ಪಿಲ್ಲ. "ಸೌಟು ಬೇರೆ, ಶಾಮಿಯಾನ ಬೇರೆ ಭಾವ. ಸಡಿಲ ಬಿಟ್ಟು ಗಾಳಿ ಬಂದ್ರೆ ಹಾರಿಹೋಗುತ್ತೆ. ಬಸ್ ಸ್ಟ್ಯಾಂಡಿನವನಿಗೆ ಹನ್ನೆರಡನೇ ತಾರೀಕು ಸಂಜೆ ಬಾ ಅಂದಿದ್ದೀನಿ, ನೋಡ್ಕೊಳ್ಳಿ."

ಅವನು ಹೇಳುವುದೂ ತಪ್ಪಲ್ಲ. ಬಿಗಿದರೆ ಮಳೆಗೆ ಹರಿಯುತ್ತದೆ, ಬಿಟ್ಟರೆ ಗಾಳಿಗೆ ಹಾರುತ್ತದೆ. ಎಷ್ಟು ಬಿಡಬೇಕು ಎಂದು ಯಾರನ್ನು ಕೇಳಲಿ? ಅಂಗಡಿಯ ಹಿಂದೆ ಒಂದು ಸಣ್ಣ ಬಟ್ಟೆ ಕಟ್ಟಿ, ನೀರು ಹುಯ್ದು, ಬಿಚ್ಚಿ, ಮತ್ತೆ ಕಟ್ಟಿ ಇಡೀ ದಿನ ಕಳೆದೆ. ಜೀರುಗುಣಿಕೆ ಹಾಕಿ ಕಟ್ಟಿದರೆ ಇದೆಲ್ಲ ಎಷ್ಟು ಸುಲಭ! ಹಗ್ಗದ ಮೇಲೆ ಅಂಗೈ ಊರಿದರೆ ಒಂದು ಹಿಡಿಯಷ್ಟು ತಗ್ಗಬೇಕು. ನೆನೆಯುತ್ತ ಬಂದ ಹಾಗೆ ಮತ್ತಷ್ಟು ಬಿಡಬೇಕು. ಒಣಗಿದ ಮೇಲೆ ಮತ್ತೆ ಎಳೆಯಬೇಕು. ಕಟ್ಟುವುದು ಒಂದು ಸಲದ ಕೆಲಸ ಎಂದುಕೊಂಡಿದ್ದೆ. ಮತ್ತೆ ಮತ್ತೆ ಸುತ್ತು ಹಾಕಬೇಕಾದ ಕೆಲಸ ಅದು.

ಮನೆಗೆ ಬಂದು ನಿಘಂಟು ತೆಗೆದೆ. ಈ ಸಲ ಅಟ್ಯಾಚ್ ಎಂಬುದನ್ನು ನೋಡಿದೆ. ಅಂಟಿಸು, ಸೇರಿಸು, ಜನರ ಮೇಲೆ ಮಮತೆ ಇಡುವುದಕ್ಕೂ ಅದೇ ಮಾತು. ಇದರ ಅಜ್ಜ ಯಾರು ಎಂದರೆ ಹಳೆಯ ಫ್ರೆಂಚಿನ ಒಂದು ಗೂಟ! ಸಾಕ್ಷಾತ್ ನೆಲಕ್ಕೆ ಹೊಡೆಯುವ ಗೂಟ. ಮೇಷ್ಟರು ಇದ್ದಿದ್ದರೆ ಕುಣಿದುಬಿಡುತ್ತಿದ್ದರು. ನಮ್ಮ ಕಟ್ಟು ಮಾತ್ರ ಕಡಿಮೆಯದೇ? ಮನೆ ಕಟ್ಟು, ಬುತ್ತಿ ಕಟ್ಟು, ಕಥೆ ಕಟ್ಟು. ಅಳು ಬಂದರೆ ಗಂಟಲೂ ಕಟ್ಟುತ್ತದೆ. ಬಿಚ್ಚಲು ಬಾರದವನ ಕೈಗೆ ಇಷ್ಟೊಂದು ಕಟ್ಟು.

ಗೂಟದ ವಿಚಾರ ಸಮ್ಮಟಿಗೆಗೆ ಹೇಳಲು ಮತ್ತೆ ಅಂಗಡಿಗೇ ಹೋದೆ. ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಯೋಚಿಸಿ, "ಕೂತಿದೆ" ಎಂದ.

ಏಪ್ರಿಲ್ 11, ಶುಕ್ರವಾರ

ಶಾಲೆಯ ಮೈದಾನದಲ್ಲಿ ಶಾಮಿಯಾನ ಎದ್ದಿದೆ. ಎಲ್ಲ ಜೀರುಗುಣಿಕೆ. ತೇಪೆ ಹಾಕಿದ ಮೂಲೆಗೆ ಮಾತ್ರ, ಭದ್ರವಾಗಿರಲಿ ಎಂದು ಕಗ್ಗಂಟು ಹಾಕಿದೆ.

ಮನೆಗೆ ಬಂದರೆ ಮಗಳು ಅಡುಗೆಮನೆಯಲ್ಲಿದ್ದಳು. ಕಿಟಕಿಯಾಚೆ ನೋಡಿದೆ, ಮೋಡ. ಚಪ್ಪಲಿ ಮೆಟ್ಟಿದೆ. "ಹಗ್ಗ ಮಾತಾಡಿಸಿ ಬರ್ತೀನಿ ಕಣೇ. ಒಲೆ ಮೇಲೆ ಹಾಲಿದೆ, ನೋಡ್ಕೋ." ಅವಳು ಸೌಟು ಹಿಡಿದು ಹಾಗೇ ನಿಂತಳು. ಯಾಕೆ ಹಾಗೆ ನೋಡಿದಳೋ.

ಮೈದಾನದಲ್ಲಿ ಬಾಮೈದ ಕಾವಲಿಗಿದ್ದ. ನಾನು ಹಗ್ಗ ಸಡಿಲಿಸುವುದನ್ನು ಕಂಡು ಟೆಂಪೋದಿಂದ ಹಾರಿ ಬಂದ. "ಭಾವ, ತಲೆ ನೆಟ್ಟಗಿದೆಯಾ? ಕಟ್ಟಿದ್ದನ್ನ ಬಿಚ್ತಾ ಇದ್ದೀರಲ್ಲ!"

"ಬಿಚ್ತಿಲ್ಲ. ಮಾತಾಡಿಸ್ತಿದ್ದೀನಿ. ಇಲ್ಲಿ ಕೈಯಿಡು."

ಇಟ್ಟ. ಇನ್ನೊಂದು ಬಿಗಿ ಹಗ್ಗದ ಮೇಲೂ ಇಡಿಸಿದೆ. ಎರಡನ್ನೂ ಮತ್ತೊಮ್ಮೆ ಒತ್ತಿ ನೋಡಿದ. ಆಮೇಲೆ, "ಹೀಗೇ ಮಾಡೋಳು ಅಲ್ವಾ ಅಕ್ಕ? ನಾನು ಸಾಮಾನು ಇಳಿಸಿ ಹೊರಟುಬಿಡ್ತಿದ್ದೆ. ಒಂದು ಸಲ ಗಾಡಿ ಕನ್ನಡಿಯಲ್ಲಿ ನೋಡಿದ್ದೆ, ಹೀಗೇ ಬಗ್ಗಿ ನಿಂತಿದ್ಲು. ಗೂಟ ಎಣಿಸ್ತಾಳೆ ಅಂದ್ಕೊಂಡೆ" ಎಂದ. ಟೋಪಿ ತೆಗೆದಿರಲಿಲ್ಲ. ಮರೆತಿರಬೇಕು.

ಏಪ್ರಿಲ್ 12, ಶನಿವಾರ

ಕೈ ನೋಯುತ್ತಿದೆ, ಆದರೂ ಬರೆಯುತ್ತೇನೆ.

ಎರಡನೆಯ ತರಗತಿಯ ಮಕ್ಕಳು ಹಾಡುವಾಗ ಮಳೆ ಬಂತು. ಶಾಮಿಯಾನದ ಕೆಳಗೆ ಇಡೀ ಶಾಲೆ, ಅಪ್ಪ ಅಮ್ಮಂದಿರು, ಹಿಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಬಸ್ ಸ್ಟ್ಯಾಂಡಿನವನು. ನಾನು ಹೊರಗೆ ಸುತ್ತತೊಡಗಿದೆ. ತುದಿ ಎಳೆ, ಸ್ವಲ್ಪ ಬಿಡು, ಅಂಗೈ ಊರು, ಮುಂದಕ್ಕೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಮೊದಲನೆಯದು ಮತ್ತೆ ಬಿಗಿಯುತ್ತಿತ್ತು. ಎದುರಿನಿಂದ ಯಾರೋ ಬಗ್ಗಿಕೊಂಡು ಬರುವುದು ಕಂಡಿತು. ಬಾಮೈದ. "ಆ ಕಡೆ ನೀವು, ಈ ಕಡೆ ನಾನು ಭಾವ!"

ತೇಪೆಯ ಮೂಲೆಗೆ ಬಂದೆ. ಕಗ್ಗಂಟು. ನೆನೆದು ಕಲ್ಲಾಗಿದೆ. ಉಗುರು ಹಾಕಿದೆ, ಹಲ್ಲು ಹಾಕಿದೆ, ಅಲುಗಲಿಲ್ಲ. ಮೇಲೆ ಮಗಳು ಹಾಕಿದ ಹೊಲಿಗೆ ಒಂದೊಂದೇ ಬಾಯಿ ತೆರೆಯುತ್ತಿತ್ತು. ಅದರ ಕೆಳಗೇ ಮಕ್ಕಳು. ಕತ್ತರಿಸಿದರೆ ಇಡೀ ಮೂಲೆ ಅವರ ಮೇಲೆ ಬೀಳುತ್ತದೆ.

"ಗೂಟ" ಎಂದ ಹಿಂದಿನಿಂದ ಸಮ್ಮಟಿಗೆ.

ಗಂಟು ಬಿಚ್ಚದಿದ್ದರೆ ಗೂಟವನ್ನೇ ಹತ್ತಿರ ತರಬಹುದಲ್ಲ! ಆದರೆ ಗೂಟ ಕೀಳುವಷ್ಟು ಹೊತ್ತು ಹಗ್ಗವನ್ನು ಯಾರಾದರೂ ಹಿಡಿಯಬೇಕು. ಬಾಮೈದ ಅದನ್ನು ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ಒರಗಿದ. ನಾನು ಅವನನ್ನು ತಬ್ಬಿ ಹಿಡಿದೆ. ಸಮ್ಮಟಿಗೆ ಗೂಟ ಅಲುಗಿಸಿ ಕಿತ್ತ. ಇಬ್ಬರೂ ಕೆಸರಿನಲ್ಲಿ ಮುಂದಕ್ಕೆ ಜಾರಿದೆವು.

"ಫಾಸ್ಟ್ ಭಾವ, ಫಾಸ್ಟ್!"

"ಯಾವ ಫಾಸ್ಟು? ಗಟ್ಟೀನಾ, ಬೇಗಾನಾ?"

"ಎರಡೂ ರೀ ಮಹರಾಯ್ರೇ, ಎರಡೂ!"

ಸಮ್ಮಟಿಗೆ ಒಂದು ಮೊಳ ಒಳಗೆ ಗೂಟವಿಟ್ಟು ಹೊಡೆದ. ಒಂದು, ಎರಡು, ಮೂರು ಏಟು. ಹಗ್ಗ ತಗ್ಗಿತು. ಹೊಲಿಗೆ ಅಲ್ಲೇ ನಿಂತಿತು. ಅವನು ಕಾಲಿಟ್ಟು ನೋಡಿದ. ಈ ಸಲ ನಾವು ಮೂವರೂ ಒಟ್ಟಿಗೇ "ಕೂತಿದೆ" ಎಂದೆವು.

ಒಳಗೆ ಹಾಡು ನಿಂತಿರಲೇ ಇಲ್ಲ. ಯಾರಿಗೂ ಏನೂ ಗೊತ್ತಾಗಿರಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನವನು ಬಂದು ಹಗ್ಗ ಮುಟ್ಟಿ ನೋಡಿದ. "ಹಾಗಾದ್ರೆ ಮಾತುಕತೆ ಮುಗಿಸೋಣ್ವಾ?" ಎಂದು ಬಾಮೈದನನ್ನು ಕೇಳಿದ. ಬಾಮೈದ ಮೈಯ ಕೆಸರು ಒರೆಸುತ್ತ, "ಭಾವನ್ನ ಕೇಳಿ" ಎಂದ.

"ನಮ್ಮ ಅಂಗಡಿ ಕೊಡೋ ಹಾಗಿಲ್ಲ" ಎಂದೆ. "ಮಳೆಗಾಲದಲ್ಲಿ ನಿಮಗೆ ಶಾಮಿಯಾನ ಬೇಕಾದ್ರೆ ಬನ್ನಿ. ಬಾಡಿಗೆಗೆ ಕೊಡ್ತೀವಿ."

ಏಪ್ರಿಲ್ 15, ಮಂಗಳವಾರ

ಅವಳ ಕುರ್ಚಿಯ ಎಡಗಾಲು ನಿಜವಾಗಿಯೂ ಗಿಡ್ಡ. ಕೆಳಗೆ ರಟ್ಟು ಮಡಿಸಿ ಇಟ್ಟಿದ್ದಾಳೆ. ಬಲಕ್ಕೆ ವಾಲಿ ಕೂತರೆ ಹಾಯಾಗಿರುತ್ತದೆ, ರಸ್ತೆಯ ಎರಡೂ ತುದಿ ಕಾಣುತ್ತದೆ.

ಮಗಳು ಬೆಳಿಗ್ಗೆ ಬೀರುವಿನಿಂದ ಅಮ್ಮನ ಉಣ್ಣೆಯ ಶಾಲು ತೆಗೆದುಕೊಂಡು ಹೊದ್ದು ಹೋದಳು. ಒಪ್ಪುತ್ತದೆ. ಹಿತ್ತಲಿಗೆ ಹೊಸ ಕೊಕ್ಕೆ ಹೊಡೆದು ಹಗ್ಗ ಕಟ್ಟಿದೆ. ಪಂಚೆಯ ಅಂಚು ನೆಲ ಸವರುತ್ತದೆ, ಸವರಲಿ.

ಇವತ್ತು ಒಂದು ಮದುವೆಯವರು ಬಂದಿದ್ದರು. ಮುಂದಿನ ಸೋಮವಾರ. ಬಾಮೈದನಿಗೆ ಹೇಳಿ ಸೀಟ್ ಬೆಲ್ಟಿಗೆ ಹೊಸ ಕೊಂಡಿ ಹಾಕಿಸಿದ್ದೇನೆ. "ಈಗ ಫಾಸ್ಟಾಗಿ ಹೋಗಬಹುದಾ?" ಎಂದು ಕೇಳಿದ.

ಕಿಟಕಿಯಿಂದ ಗಾಳಿ ಬಂದು ಪುಟ ಹಾರುತ್ತಿದೆ. ನಿಘಂಟನ್ನು ಅಂಚಿನ ಮೇಲಿಟ್ಟು ಬರೆಯುತ್ತಿದ್ದೇನೆ. ಒಳ್ಳೆಯ ತೂಕ ಅದು. ಆಚೆ ಬೀದಿಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ನಮ್ಮ ಸಣ್ಣ ಶಾಮಿಯಾನ ಹೋಗಿದೆ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ.

ಹಾಲು ಇಳಿಸಿಯೇ ಹೋಗಬೇಕು.